ದಿನಾ ಬೇವಿನ ಕಡ್ಡಿ ಬಳಸಬೌದಾ? ಇದ್ದಲಿ ಪುಡಿಗೆ ಕಂದು ಗೆರಿ ಹೋಗ್ತಾವಾ?

ಹುನಗುಂದದಾಂವ:
ಪೇಸ್ಟ್ ಬಿಟ್ಟು ಬೇವಿನ ಕಡ್ಡಿ ಹಿಡಿಬೇಕಂತ ಮನ್ಯಾಗ ಮಾತು ನಡದೈತಿ. ಕಡ್ಡಿ ಎಷ್ಟು ದಪ್ಪ ಇರಬೇಕು? ತಿಕ್ಕುವಾಗ ಒಸಡಿಂದ ರಕ್ತ ಬಂದ್ರ ಬಿಡಬೇಕೋ? ಇನ್ನೊಂದು, ನಮ್ಮ ಕಡೆ ಹುಡುಗರ ಮುಂದಿನ ಹಲ್ಲಿಗೆ ಅಡ್ಡಡ್ಡ ಕಂದು ಗೆರಿ ಇರ್ತಾವು. ಇದ್ದಲಿ ಪುಡಿಗೆ ಉಪ್ಪು ಕೂಡ್ಸಿ ತಿಕ್ಕಿದ್ರ ಹೋಗ್ತಾವ ಅಂತಾರ, ಖರೇನಾ?

ತಿಕೋಟಾ ಬದು:
ಕಡ್ಡಿದಷ್ಟ ಹೇಳ್ತೀನ್ರಿ. ಕಿರುಬೆರಳಿನ ತುದಿಯಷ್ಟು ದಪ್ಪ, 12 ಬೆರಳಗಲ ಉದ್ದ, ಹಸೀದು, ಗಂಟಿಲ್ಲದ್ದು. ದ್ರಾಕ್ಷಿ ತೋಟದ ಬದುವಿನ ಗಿಡದ್ದು ಮಾತ್ರ ಬ್ಯಾಡ. ಔಷಧ ಹೊಡಿಯೋ ಮುಂದ ಅದರ ಮ್ಯಾಲೂ ಬಿದ್ದಿರ್ತೈತಿ.

ತೊಳದು, ತುದಿ ಅರ್ಧ ಇಂಚು ದವಡಿ ಹಲ್ಲಾಗ ನಿಧಾನ ಜಗೀರಿ. ನಾರು ಬಿಚ್ಚಿ ಮೆತ್ತಗ ಕುಂಚ ಆಗೋತನಕ ಹಲ್ಲಿಗೆ ಹಚ್ಚಬ್ಯಾಡ್ರಿ. ಬಹಳ ಮಂದಿ ಎಡವೋದು ಇಲ್ಲೇ. ಎರಡು ಸಲ ಕಚ್ಚಿ, ಬಿರುಸು ತುದೀಲೇ ಗರಗಸ ಎಳದಂಗ ಅಡ್ಡ ಎಳೀತಾರ, ಒಸಡು ಕಿತ್ತು ಬರ್ತೈತಿ. ಮ್ಯಾಲಿನ ಹಲ್ಲು ಒಸಡಿಂದ ಕೆಳಗ, ಕೆಳಗಿನವು ಒಸಡಿಂದ ಮ್ಯಾಲ, ಒಂದೊಂದೇ ಹಲ್ಲು. ಒಣಗಿದ ಕಡ್ಡಿ ಇದ್ರ ರಾತ್ರಿ ನೀರಾಗ ನೆನಿ ಹಾಕ್ರಿ. ಮುಗದ ಮ್ಯಾಲ ಕಡ್ಡಿ ಉದ್ದಕ ಸೀಳಿ, ಬಗ್ಗಿಸಿ ನಾಲಿಗಿ ಕೆರಕೊಂಡು ಒಗದುಬಿಡ್ರಿ. ನಾಳಿಗಂತ ಎತ್ತಿಡಬ್ಯಾಡ್ರಿ.

ಬೇವು ಸಿಗದಿದ್ರ ಕರಿಜಾಲಿ ನಡೀತೈತಿ, ಮುಳ್ಳು ತಗದು. ಬಳ್ಳಾರಿ ಜಾಲಿ ಅಲ್ಲ ಮತ್ತ.

ಬಾಗಲಕೋಟೆ ದಂತವೈದ್ಯೆ:
ಮೇಲೆ ಹೇಳಿದ ಕ್ರಮ ಸರಿ. ಆದರೆ ಕಡ್ಡಿ ನೆಟ್ಟಗಿರುವುದರಿಂದ ದವಡೆ ಹಲ್ಲುಗಳ ಒಳಮಗ್ಗುಲಿಗೂ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೂ ಸರಿಯಾಗಿ ಮುಟ್ಟುವುದಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆಯೇ ಜೊಲ್ಲಿನ ನಾಳ ತೆರೆಯುವುದು, ಪಾಚಿ (ಹಲ್ಲಿಗೆ ಅಂಟುವ ಮೆತ್ತನೆ ಕೊಳೆ) ಬೇಗ ಕಲ್ಲಾಗುವುದೂ ಅಲ್ಲೇ. ಹಾಗಾಗಿ ಬೆಳಿಗ್ಗೆ ಕಡ್ಡಿ, ರಾತ್ರಿ ಮಲಗುವ ಮುಂಚೆ ಮೃದು ಬ್ರಷ್ ಮತ್ತು ಫ್ಲೋರೈಡ್ ಪೇಸ್ಟ್ ಇಟ್ಟುಕೊಳ್ಳಿ. ಬೇವು ಹುಳುಕು ತಡೆಯುವ ಫ್ಲೋರೈಡ್ ಕೊಡುವುದಿಲ್ಲ.

ರಕ್ತ ಬಂದರೆ ತಿಕ್ಕುವುದನ್ನು ಬಿಡಬೇಡಿ. ಒಸಡಿನ ಅಂಚಿನಲ್ಲಿ ಕೂತ ಪಾಚಿಯಿಂದ ಒಸಡು ಊದಿರುತ್ತದೆ, ಬಿಟ್ಟರೆ ಹೆಚ್ಚಾಗುತ್ತದೆ. ಮೃದುವಾಗಿ ಮುಂದುವರಿಸಿ, ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿ. ಎರಡು ವಾರ ಕಳೆದರೂ ನಿಲ್ಲದಿದ್ದರೆ ಸ್ಕೇಲಿಂಗ್, ಅಂದರೆ ದಂತವೈದ್ಯರ ಬಳಿ ಹಲ್ಲು ಸ್ವಚ್ಛ ಮಾಡಿಸುವುದು, ಬೇಕು. ಕಲ್ಲಾದ ಪಾಚಿ ಯಾವ ಕಡ್ಡಿಗೂ ಪುಡಿಗೂ ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅಷ್ಟು ದಿನ ಕಾಯಬಾರದು.

ಕಂದು ಗೆರೆ ಹೆಚ್ಚಾಗಿ ಫ್ಲೋರೋಸಿಸ್. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನ ಫ್ಲೋರೈಡಿನಿಂದ ಆದದ್ದು. ಕಲೆ ಎನಾಮಲ್ಲಿನ, ಅಂದರೆ ಹಲ್ಲಿನ ಗಟ್ಟಿ ಹೊರಪದರದ, ಒಳಗಿದೆ. ಇದ್ದಲಿ ತಿಕ್ಕಿದರೆ ಕಲೆ ಉಳಿದು ಎನಾಮಲ್ ಸವೆಯುತ್ತದೆ, ಒಸಡಿನ ಬುಡದಲ್ಲಿ ಹಲ್ಲು ಕಚ್ಚು ಬಿದ್ದು ತಣ್ಣೀರಿಗೆ ಜುಮ್ಮೆನ್ನುತ್ತದೆ. ಕಾವಿ ಮಣ್ಣು ಬೆರೆಸಿದ ಕೆಂಪು ಪುಡಿಯದೂ ಅದೇ ಕತೆ. ನಿಂಬೆರಸ ಇನ್ನೂ ಕೆಟ್ಟದ್ದು.

ಗೋಕಾಕ ಕರದಂಟು:
ಬೆಳಗಾವಿ ಕಡೆ ಮಶೇರಿ ತಿಕ್ಕೋರು ಇನ್ನೂ ಅದಾರ, ಅದನ್ನೂ ಹೇಳ್ರಿ. ಹುರಿದ ತಂಬಾಕದು! ಹಲ್ಲುಪುಡಿ, ಪೇಸ್ಟಿನ್ಯಾಗ ತಂಬಾಕು ಹಾಕೋದು 1992ರಾಗ ಬಂದ್ ಆದ್ರೂ ಮನ್ಯಾಗ ಹುರಕೊಳ್ಳೋದು ನಿಂತಿಲ್ಲ. ಎಳ್ಳೆಣ್ಣಿ ಮುಕ್ಕಳಿಸೋದು ಹೆಂಗ? ಮತ್ತ ನೀರಾಗ ಫ್ಲೋರೈಡ್ ಹೆಚ್ಚಿದ್ದಲ್ಲಿ ಪೇಸ್ಟಿನಾಗೂ ಯಾಕ್ರಿ?

ಬಾಗಲಕೋಟೆ ದಂತವೈದ್ಯೆ:
ನೀರು ಹೊಟ್ಟೆಗೆ ಹೋಗುತ್ತದೆ, ಪೇಸ್ಟ್ ಹಲ್ಲಿನ ಮೇಲ್ಮೈಗೆ ತಾಗಿ ಉಗುಳಿ ಹೋಗುತ್ತದೆ, ಅದೇ ವ್ಯತ್ಯಾಸ. ಮಕ್ಕಳು ನುಂಗುತ್ತಾರೆ ಎಂಬುದೇ ಚಿಂತೆ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ದೊಡ್ಡವರು ಎದುರು ನಿಂತು ಉಗುಳಿಸಬೇಕು. ಫ್ಲೋರೈಡ್ ನೀರಿನ ಊರಾದರೆ ಚಿಕ್ಕ ಮಕ್ಕಳ ಪೇಸ್ಟಿನ ಬಗ್ಗೆ ದಂತವೈದ್ಯರನ್ನೊಮ್ಮೆ ಕೇಳಿ.

ಎಣ್ಣೆ ಎರಡು ಚಮಚ, ಐದರಿಂದ ಹತ್ತು ನಿಮಿಷ, ನುಂಗದೆ ಉಗುಳಿ ಆಮೇಲೆ ಹಲ್ಲು ತಿಕ್ಕಿ. ಚಿಕ್ಕ ಮಕ್ಕಳಿಗೆ ಬೇಡ, ಶ್ವಾಸಕೋಶಕ್ಕೆ ಇಳಿಯಬಹುದು. ಬಾಯಿ ಹಗುರೆನಿಸುತ್ತದೆ, ತಿಕ್ಕುವುದಕ್ಕೆ ಬದಲಿಯಲ್ಲ. ಮಶೇರಿ ಬಗ್ಗೆ ನೀವಂದದ್ದು ನಿಜ, ಬಾಯಿ ಕ್ಯಾನ್ಸರಿಗೆ ದಾರಿ.

ತಿಕೋಟಾ ಬದು:
ಹುನಗುಂದದವ್ರ, ಮೊದಲು ಬೋರಿನ ನೀರು ಪರೀಕ್ಷಾ ಮಾಡಸ್ರಿ. ತೊಳದ ಪ್ಲಾಸ್ಟಿಕ್ ಬಾಟ್ಲಿಯೊಳಗ ಒಂದು ಲೀಟರ್ ತುಂಬಿ ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕ ಕೊಡ್ರಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ರ ಚಲೋ, ಬ್ಯಾರೆ ನೀರಿಲ್ಲದಿದ್ರ 1.5 ತನಕ. ಮೀರಿದ್ರ ಕುಡಿಯಾಕ, ಅಡಗಿಗೆ ಶುದ್ಧ ನೀರಿನ ಘಟಕದ ಆರ್‌ಒ ನೀರು ತರ್ರಿ. ಕುದಿಸಿದ್ರ ಫ್ಲೋರೈಡ್ ಹೋಗೂದಿಲ್ಲ, ನೀರು ಆವಿಯಾಗಿ ಉಳಿದ ನೀರಾಗ ಅದರ ಪ್ರಮಾಣ ಇನ್ನಷ್ಟು ಹೆಚ್ಚಾಗ್ತೈತಿ.