ಅಪ್ಪನ ಜಾಫ್ನಾ ಡೈರಿ: ಅವ್ವನಿಗೆ ಓದಿ ಹೇಳಬೇಕೋ ಬೇಡವೋ?

ಹಾವೇರಿ ಮಗಳು (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಅಪ್ಪ ಮರಾಠಾ ಲೈಟ್ ಇನ್ಫೆಂಟ್ರಿಯಲ್ಲಿದ್ದರು. 1987ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾಕ್ಕೆ ಹೋದರು. ಅಲ್ಲಿ 1983ರಿಂದಲೇ ಸರ್ಕಾರ ಮತ್ತು ತಮಿಳು ಬಂಡುಕೋರರ ನಡುವೆ ಅಂತರ್ಯುದ್ಧ ನಡೆದಿತ್ತು. 1987ರ ಜುಲೈ 29ಕ್ಕೆ ರಾಜೀವ್ ಗಾಂಧಿ ಮತ್ತು ಅಲ್ಲಿಯ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಜಗಳ ಬಿಡಿಸಲು ಹೋದ ನಮ್ಮವರು ಅಕ್ಟೋಬರ್ ಹೊತ್ತಿಗೆ ಆ ಬಂಡುಕೋರರ ಸಂಘಟನೆ ಎಲ್‌ಟಿಟಿಇ ಜೊತೆ ತಾವೇ ಯುದ್ಧಕ್ಕೆ ನಿಲ್ಲಬೇಕಾಯಿತು.

ಅಪ್ಪ ತೀರಿಕೊಂಡ ಮೇಲೆ ಅವರ ಟ್ರಂಕ್ ನನ್ನ ಹತ್ತಿರ ಬಂತು. ಅದರಲ್ಲಿ ಅವ್ವನಿಗೆ ಬರೆದ ಕಾಗದಗಳ ಕಟ್ಟು ಇತ್ತು. ಅದು ನಮಗೆಲ್ಲ ಗೊತ್ತಿದ್ದದ್ದೇ. ಅಡಿಯಲ್ಲಿ, ಹಳೆಯ ಸ್ವೆಟರ್ ಒಳಗೆ, 1988ರ ಪಾಕೆಟ್ ಡೈರಿಯೊಂದು ಸಿಕ್ಕಿತು. ಅದು ಯಾರಿಗೂ ಗೊತ್ತಿರಲಿಲ್ಲ.

ನಾನು ಸುಮ್ನೆ ತಾರೀಖು ಹೊಂದಿಸಿ ನೋಡಿದೆ. ಫೆಬ್ರುವರಿಯ ಒಂದು ಕಾಗದದಲ್ಲಿ ಹೀಗಿದೆ: "ಇತ್ತ ಕಡೆ ಎಲ್ಲ ಕ್ಷೇಮ. ಊಟ ಛಲೋ ಸಿಗುತ್ತದೆ. ಎಮ್ಮೆ ಈಯಿತೇನು? ಮೆಣಸಿನಕಾಯಿ ಬ್ಯಾಡಗಿಗೆ ಒಯ್ಯುವಾಗ ಒಬ್ಬಳೇ ಹೋಗಬೇಡ, ತಮ್ಮನನ್ನು ಕರೆದುಕೊಂಡು ಹೋಗು. ತೂಕ ಎದುರಿಗೇ ನಿಂತು ನೋಡು." ಅದೇ ದಿನದ ಡೈರಿ: "ಬೆಳಿಗ್ಗೆ ರೋಡ್ ಓಪನಿಂಗ್ (ಗಾಡಿಗಳು ಹೋಗುವ ಮೊದಲು ದಾರಿ ತಪಾಸಣೆ). ಮುಂದಿನ ಗಾಡಿ ಮೈನ್ (ನೆಲಬಾಂಬ್) ಮೇಲೆ ಹೋಯಿತು. ಮೂವರು. ಒಬ್ಬ ಸವದತ್ತಿ ಕಡೆಯವನು. ನಿನ್ನೆ ರಾತ್ರಿ ನನ್ನ ಮಗ್ಗಿನಲ್ಲೇ ಚಹಾ ಕುಡಿದಿದ್ದ."

ಇಂಥ ಪುಟಗಳು ಬಹಳ ಇವೆ. ಒಂದೊಂದು ಕಡೆ ಬರೀ ಹೊಲದ ಮಾತು. ಶ್ರೀಲಂಕಾದ ಉತ್ತರ ತುದಿಯ ಜಾಫ್ನಾದಲ್ಲಿ ಹೊಳೆಯೇ ಇಲ್ಲ, ಬಾವಿ ನೀರಿನಲ್ಲೇ ಉಳ್ಳಾಗಡ್ಡಿ, ಮೆಣಸಿನಕಾಯಿ, ತಂಬಾಕು ಬೆಳೆಯುತ್ತಾರೆ, ಮಣ್ಣು ಕೆಂಪಗಿದೆ ಅಂತ. "ಇಂಥ ಹೊಲದಲ್ಲಿ ಬೂಟು ಹಾಕಿಕೊಂಡು ನಡೆಯಲು ಮನಸ್ಸಾಗುವುದಿಲ್ಲ" ಅಂತ ಬರೆದಿದ್ದಾರೆ. ಆ ಸಾಲು ಓದಿ ನಾನು ಬಹಳ ಅತ್ತೆ.

ಅವ್ವನಿಗೆ ಓದಲು ಬರುವುದಿಲ್ಲ. ಕಾಗದ ಬಂದರೆ ಪೋಸ್ಟಮನ್ ಕಾಕಾ ಕಟ್ಟೆ ಮೇಲೆ ಕೂತು ಓದುತ್ತಿದ್ದರು, ಓಣಿ ಮಂದಿ ಎಲ್ಲಾ ಕೇಳುತ್ತಿದ್ದರು. ಅವ್ವನಿಗೆ ಈಗ ವಯಸ್ಸಾಗಿದೆ, ಬುದ್ಧಿ ಚುರುಕಾಗಿದೆ. ಈ ಡೈರಿ ಓದಿ ಹೇಳಲೇ? ಇನ್ನೊಂದು, ಕಾಗದಗಳು ಮಡಿಕೆಯಲ್ಲಿ ಹರಿಯುತ್ತಿವೆ. ಹೇಗೆ ಕಾಪಾಡುವುದು? ತಿಳಿದವರು ಹೇಳಿ.

ನಿವೃತ್ತ ಹವಾಲ್ದಾರ (ಗದಗ)

ತಂಗಿ, ನಾನು ಬೇರೆ ಪಲ್ಟನ್‌ನವನು. ಅದೇ ಕಾಲಕ್ಕೆ ಉತ್ತರ ಶ್ರೀಲಂಕಾದ ವವುನಿಯಾ ಕಡೆ ಇದ್ದೆ. ನಿಮ್ಮ ಅಪ್ಪ ಸುಳ್ಳು ಬರೆದರು ಅಂತ ದಯವಿಟ್ಟು ತಿಳಿಯಬೇಡಿ.

ಜಾಗದ ಹೆಸರು, ಎಲ್ಲಿಗೆ ಹೊರಟೆವು, ಎಷ್ಟು ಜನ ಹೋದರು, ಇದ್ಯಾವುದನ್ನೂ ಬರೆಯುವಂತಿರಲಿಲ್ಲ. ವಿಳಾಸದಲ್ಲೂ ಊರು ಇರುವುದಿಲ್ಲ. ನಂಬರ್, ಹೆಸರು, ಕಂಪನಿ, ಪಲ್ಟನ್, ಕೆಳಗೆ 56 ಎಪಿಒ ಇಲ್ಲವೇ 99 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿಯ ನಂಬರ್. ಅಷ್ಟೇ. ಗಂಡ ಕಾಶ್ಮೀರದಲ್ಲಿದ್ದಾನೋ ಸಮುದ್ರದಾಚೆ ಇದ್ದಾನೋ ವಿಳಾಸ ನೋಡಿ ತಿಳಿಯುತ್ತಿರಲಿಲ್ಲ.

ಆಮೇಲೆ, ನೀವೇ ಬರೆದಿದ್ದೀರಲ್ಲ, ಓಣಿ ಎಲ್ಲಾ ಕೂತು ಕೇಳುತ್ತಿತ್ತು ಅಂತ. ಕಟ್ಟೆ ಮೇಲೆ ಓದುವ ಕಾಗದದಲ್ಲಿ ಗಂಡ ಹೆಂಡತಿಗೆ ಏನು ತಾನೇ ಬರೆಯಬಲ್ಲ? ನಮ್ಮ ಟೆಂಟ್‌ನಲ್ಲಿ ಬರೆಯಲು ಬಾರದವರಿಗೆ ನಾನೇ ಬರೆದುಕೊಡುತ್ತಿದ್ದೆ. "ಆಕೆಗೆ ನೆನಪು ಬರುತ್ತದೆ ಅಂತ ಬರಿ" ಎನ್ನಲು ಒಬ್ಬ ಹುಡುಗ ನಾಚಿಕೊಂಡು, ಕೊನೆಗೆ "ಎತ್ತಿಗೆ ನೆನಪು ಹೇಳು" ಅಂತ ಬರೆಸಿದ. ಮೆಣಸಿನಕಾಯಿ ತೂಕ ಎದುರಿಗೆ ನಿಂತು ನೋಡು ಅಂದರೆ, ನಾನು ಬರದಿದ್ದರೂ ನೀನು ಮೋಸ ಹೋಗಬೇಡ ಅಂತಲೇ ಅರ್ಥ. ನಾನಂತೂ ಹಾಗೆ ಓದುತ್ತೇನೆ.

ಸುಮಾರು 1,200 ಜನ ನಮ್ಮವರು ಅಲ್ಲಿ ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬಂದಾಗ ಚೆನ್ನೈನಲ್ಲಿ ಸ್ವಾಗತಕ್ಕೆ ಮುಖ್ಯಮಂತ್ರಿ ಕೂಡ ಬರಲಿಲ್ಲ. ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಅವ್ವನಿಗೆ ಹೇಳುವ ಮೊದಲು, ಅವರಿಗೆ ಎಷ್ಟು ಗೊತ್ತಿದೆ ಅಂತ ಕೇಳಿ.

ಇತಿಹಾಸ ಮಾಸ್ತರ (ಧಾರವಾಡ)

ಅಕ್ಕಾರ, ಮೊದಲು ಕಾಗದದ ಮಾತು. ಲ್ಯಾಮಿನೇಷನ್ ಮಾಡಿಸಲೇಬೇಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರ ತಿನ್ನುತ್ತದೆ. ಗುಂಡುಪಿನ್ನು, ಸ್ಟೇಪಲ್ ಇದ್ದರೆ ಮೆಲ್ಲಗೆ ತೆಗೆಯಿರಿ. ಮಡಿಕೆ ಬಿಚ್ಚಿ ಚಪ್ಪಟೆಯಾಗಿ ಇಡಿ. ಮೂಲೆಯಲ್ಲಿ ಪೆನ್ಸಿಲ್‌ನಿಂದ ನಂಬರ್ ಹಾಕಿ. ಫ್ಲ್ಯಾಶ್ ಇಲ್ಲದೆ, ನೆರಳಿನ ಬೆಳಕಿನಲ್ಲಿ ಎರಡೂ ಬದಿ ಫೋಟೊ ತೆಗೆಯಿರಿ. ನಮ್ಮ ಮಳೆಗಾಲದ ತಂಪು ಬಹಳ ಕೆಟ್ಟದ್ದು, ಗೋಡೆಗೆ ತಾಗಿಸಿ ಇಡಬೇಡಿ. ಇಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಯಲ್ಲಿ ಹಳೆಯ ಹಸ್ತಪ್ರತಿಗಳಿವೆ. ಒಮ್ಮೆ ಹೋಗಿ ಕೇಳಿ. ಕೊಡಲೇಬೇಕು ಅಂತಿಲ್ಲ.

ಕಾಗದ ಮತ್ತು ಡೈರಿಯನ್ನು ಬೇರೆ ಮಾಡಬೇಡಿ. ಇವೆರಡೂ ಒಂದೇ ಕೈಯ ಬರಹವಾಗಿ ಜೊತೆಗೆ ಸಿಗುವುದು ಅಪರೂಪ. ಅಮೆರಿಕದ ಅಂತರ್ಯುದ್ಧದಲ್ಲಿ, ಅಂದರೆ 1861ರಿಂದ 1865ರವರೆಗೆ, ಸಿಪಾಯಿಗಳ ಕಾಗದಗಳಿಗೆ ಸೆನ್ಸಾರ್ ಇರಲಿಲ್ಲ. ಹಾಗಾಗಿ ಹಸಿವು, ಭೇದಿ, ಹೆದರಿಕೆ, ಅಧಿಕಾರಿಗಳ ಮೇಲಿನ ಸಿಟ್ಟು ಎಲ್ಲವನ್ನೂ ಮನೆಗೇ ಬರೆದರು. ದಕ್ಷಿಣದ ಕಡೆ ಕಾಗದಕ್ಕೆ ಬರ ಬಂದಾಗ ಬರೆದ ಹಾಳೆಯನ್ನೇ ತಿರುಗಿಸಿ ಅಡ್ಡಡ್ಡ ಬರೆದರು, ಬಂದ ಲಕೋಟೆಯನ್ನು ಒಳಗು ಹೊರಗು ಮಾಡಿ ಮತ್ತೆ ಕಳಿಸಿದರು. ಆದರೂ ಎಲ್ಲ ಮಾತು ಅಂಚೆಗೆ ಬೀಳಲಿಲ್ಲ. ಸಲಿವನ್ ಬಲೂ ಎಂಬ ಮೇಜರ್ 1861ರ ಜುಲೈ 14ಕ್ಕೆ ಹೆಂಡತಿಗೆ ಬರೆದ ಕಾಗದ ಅವನ ಪೆಟ್ಟಿಗೆಯಲ್ಲೇ ಉಳಿಯಿತು. ಬುಲ್ ರನ್ ಕಾಳಗದಲ್ಲಿ ಗಾಯಗೊಂಡು ಅವನು ಸತ್ತ ಮೇಲೆ ಅದು ಮನೆ ಸೇರಿತು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಆ ಕೆಂಪು ಹೊಲಗಳ ಜನರೂ ಬರೆದಿಟ್ಟಿದ್ದಾರೆ. 1987ರ ಅಕ್ಟೋಬರ್‌ನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನಿಕರ ಗುಂಡಿಗೆ ವೈದ್ಯರು, ನರ್ಸ್‌ಗಳು, ರೋಗಿಗಳು ಸತ್ತರು. ಜಾಫ್ನಾ ವಿಶ್ವವಿದ್ಯಾಲಯದ ರಜನಿ ತಿರಣಗಮ ಸೈನ್ಯದ ತಪ್ಪನ್ನೂ ಬರೆದರು, ಎಲ್‌ಟಿಟಿಇ ತಪ್ಪನ್ನೂ ಬರೆದರು. 1989ರ ಸೆಪ್ಟೆಂಬರ್ 21ಕ್ಕೆ ಸೈಕಲ್ ಮೇಲೆ ಮನೆಗೆ ಹೋಗುವಾಗ ಅವರನ್ನು ಗುಂಡಿಟ್ಟು ಕೊಂದರು. ನಿಮ್ಮ ಅಪ್ಪನ ಡೈರಿಯನ್ನು ಅವರ ಬರಹದ ಪಕ್ಕ ಇಟ್ಟು ಓದಬೇಕು. ಆ ಹೊಲದಲ್ಲಿ ಬೂಟು ಇಡಲು ಅಳುಕಿದ ಮನುಷ್ಯನಿಗೆ ಇದು ಅವಮಾನವಲ್ಲ.

ಓದುಗಿ (ರಾಣೇಬೆನ್ನೂರು)

ನನಗೆ ಬೇರೆ ಅನಿಸುತ್ತದೆ. ಅವರು ಅಷ್ಟು ವರ್ಷ ಸ್ವೆಟರ್ ಒಳಗೆ ಮುಚ್ಚಿಟ್ಟಿದ್ದರು ಅಲ್ವಾ? ಸಾಯುವ ಮುಂಚೆ ಹೇಳಬಹುದಿತ್ತು, ಹೇಳಲಿಲ್ಲ. ಈ ವಯಸ್ಸಿನಲ್ಲಿ ಅವ್ವನಿಗೆ ಯಾಕೆ ಭಾರ? ನನ್ನ ಮಾತು ಕೇಳುವುದಾದರೆ ಹೇಳಬೇಡಿ.

ಹಾವೇರಿ ಮಗಳು (ಹುಬ್ಬಳ್ಳಿ)

ಎಲ್ಲರಿಗೂ ಶರಣು. ಹವಾಲ್ದಾರ್ ಅಣ್ಣ ಹೇಳಿದಂತೆ ಮೊದಲು ಕೇಳಿದೆ. "ಅವ್ವಾ, ಅಪ್ಪ ಅಲ್ಲಿ ಆರಾಮ ಇದ್ದಾರೆ ಅಂತ ನಂಬಿದ್ದೆಯಾ?"

ಅವ್ವ ಅಂದದ್ದನ್ನು ಹಾಗೇ ಬರೆಯುತ್ತೇನೆ. "ನನಗ ಓದಾಕ ಬರ್ತಿದ್ದಿಲ್ಲ, ನೋಡಾಕ ಬರ್ತಿತ್ತಲ್ಲ. ಅಕ್ಷರ ದೊಡ್ಡೂ ಆಗಿ, ಕಾಗದ ಅರ್ಧಕ್ಕ ನಿಂತಿತ್ತಂದ್ರ ಏನೋ ಆಗೇತಿ ಅಂತ ತಿಳ್ಕೊತಿದ್ದೆ. ಅಂವ ಓದಿ ಮುಗಿಸಿ ಹೋದ ಮ್ಯಾಲೆ ಚಿಮಣಿ ಮುಂದ ಇಟ್ಕೊಂಡು ನೋಡ್ತಿದ್ದೆ."

ನಾನು ಕಟ್ಟು ಬಿಚ್ಚಿ ನೋಡಿದೆ. ಫೆಬ್ರುವರಿ ಕಾಗದದ ಕೊನೆಯ ಮಡಿಕೆ ಪೂರ್ತಿ ಖಾಲಿ. ಬೇರೆ ಕಾಗದಗಳಲ್ಲಿ ಅಂಟು ಹಚ್ಚುವ ಅಂಚಿನ ತನಕ ಬರೆದಿದ್ದಾರೆ. ಡೈರಿಯಲ್ಲಿ ಸಾವಿನ ಸುದ್ದಿ ಇರುವ ದಿನಗಳ ಕಾಗದಗಳೆಲ್ಲಾ ಹೀಗೇ ಇವೆ.

ಆಮೇಲೆ ಓದಿ ಹೇಳಿದೆ, ಪೂರ್ತಿ. ರಾಣೇಬೆನ್ನೂರಿನ ಅಕ್ಕ, ನಿಮ್ಮ ಕಾಳಜಿ ಅರ್ಥವಾಯಿತು, ಆದರೆ ಅವ್ವ ನಿಲ್ಲಿಸಲು ಬಿಡಲಿಲ್ಲ. ಸವದತ್ತಿಯವನ ಸಾಲು ಬಂದಾಗ ಎರಡು ಸಲ ಓದಿಸಿದಳು. "ಅವನ ಮನಿಯವರಿಗೆ ಗೊತ್ತೈತೇನ, ಕಡೀ ರಾತ್ರಿ ಅಪ್ಪನ ಜೋಡಿ ಚಹಾ ಕುಡಿದಿದ್ದಾ ಅಂತ?" ಅಂತ ಕೇಳಿದಳು. ಆ ಮನೆ ಹುಡುಕು ಅನ್ನುತ್ತಿದ್ದಾಳೆ. ಹೆಸರು ಡೈರಿಯಲ್ಲಿದೆ, ಇಲ್ಲಿ ಹಾಕುವುದಿಲ್ಲ. ಅಣ್ಣ, ಹೇಗೆ ಹುಡುಕಲಿ?

ನಿವೃತ್ತ ಹವಾಲ್ದಾರ (ಗದಗ)

ಆ ಪುಟದ ತಾರೀಖು, ಹೆಸರು, ಪಲ್ಟನ್ ನನಗೆ ಖಾಸಗಿಯಾಗಿ ಕಳಿಸಿ. ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಶ್ರೀಲಂಕಾದಲ್ಲಿ ಸತ್ತವರ ಹೆಸರೂ ಕೆತ್ತಿದ್ದಾರೆ. ಮೊದಲು ಅಲ್ಲಿಯ ಪಟ್ಟಿಯಲ್ಲಿ ನೋಡೋಣ. ಮರಾಠಾ ಲೈಟ್ ಇನ್ಫೆಂಟ್ರಿಯ ಸೆಂಟರ್ ಬೆಳಗಾವಿಯಲ್ಲೇ ಇದೆ, ಸವದತ್ತಿಯೂ ಅದೇ ಜಿಲ್ಲೆ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕುಟುಂಬದ ವಿಳಾಸ ಸಿಗಬಹುದು. ಮಾಜಿ ಸೈನಿಕ ಕೇಳಿದರೆ ಬೇಗ ಕೆಲಸ ಆಗುತ್ತದೆ. ನಾನೇ ಹೋಗುತ್ತೇನೆ. ಮನೆ ಸಿಕ್ಕರೆ ಅವ್ವನನ್ನೂ ಕರೆದುಕೊಂಡು ಹೋಗೋಣ.