250 ಮಿ.ಮೀ. ತೆಳು ಕನ್ನಡಿಗೆ ಮನೆಯಲ್ಲೇ ಸೆಲ್ (ಆಸರೆ ಚೌಕಟ್ಟು): 9 ಬಿಂದು ಬೇಕೇ ಬೇಕಾ?

ಮೃಗಶಿರ:
ಡಾಬ್ಸನ್ ದೂರದರ್ಶಕಕ್ಕೆ 250 ಮಿ.ಮೀ. ವ್ಯಾಸದ ಎಫ್/5 (ಫೋಕಸ್ ದೂರ ವ್ಯಾಸದ 5 ಪಟ್ಟು) ಕನ್ನಡಿ ಸಿದ್ಧವಿದೆ. ಮಾಮೂಲಿ ಫ್ಲೋಟ್ ಗಾಜು, ಅಂಚಿನ ದಪ್ಪ 19 ಮಿ.ಮೀ. ಹಿಂಬದಿಗೆ ಮೂರು ಕಡೆ ಸಿಲಿಕೋನ್ ಹಾಕಿ ಪ್ಲೈವುಡ್‌ಗೆ ಅಂಟಿಸಿದರೆ ಸಾಕಾ, ಬೆನ್ನಿಗೆ ಒಂಬತ್ತು ಕಡೆ ಆಸರೆ ಕೊಡುವ 9 ಬಿಂದುವಿನ ಸೆಲ್ಲೇ ಬೇಕಾ? ಬೇಕಾದರೆ ಆ ಬಿಂದುಗಳಿರುವ ತ್ರಿಕೋನಗಳ ಅಳತೆ ತಿಳಿಸಿ. ಲೇತ್ ಇಲ್ಲ, ಡ್ರಿಲ್, ಹ್ಯಾಕ್‌ಸಾ, ಅರ ಇವೆ.

ಕೃತ್ತಿಕೆ:
9 ಬಿಂದುವಿನದ್ದೇ ಮಾಡಿ ಸರ್. ಗಾಜು ತನ್ನ ಭಾರಕ್ಕೆ ಬಾಗುವುದು ದಪ್ಪದ ವರ್ಗಕ್ಕೆ ವಿಲೋಮವಾಗಿ. ದಪ್ಪ ವ್ಯಾಸದ ಆರನೇ ಒಂದು ಭಾಗ ಇರಬೇಕೆಂಬ ಹಳೆಯ 1:6 ಲೆಕ್ಕದಲ್ಲಿ ನಿಮ್ಮ ಕನ್ನಡಿ 42 ಮಿ.ಮೀ. ದಪ್ಪ ಇರಬೇಕಿತ್ತು, 19 ಆದ್ದರಿಂದ ಬಾಗು ಹತ್ತಿರ ಹತ್ತಿರ 5 ಪಟ್ಟು. ಅಂಟಿಸುವ ಯೋಚನೆ ಬಿಟ್ಟುಬಿಡಿ. ಕೊಳವೆ ಓರೆಯಾದಾಗ 2 ಕಿಲೋ ದಾಟಿದ ಗಾಜು ಬೆನ್ನಿನ ಮೂರು ಅಂಟುಗಳಿಂದಲೇ ಜೋತು ಬಿದ್ದು ಆಕಾರ ಕೆಡುತ್ತದೆ. ಮಳೆಗಾಲದಲ್ಲಿ ಪ್ಲೈವುಡ್ ಸೊಟ್ಟಗಾದರೆ ಆ ಸೊಟ್ಟವೂ ಕನ್ನಡಿಗೆ ಬರುತ್ತದೆ.

ಅಳತೆ: ಕೇಂದ್ರದಿಂದ 51 ಮಿ.ಮೀ. ದೂರದಲ್ಲಿ 3 ಬಿಂದು, 102 ಮಿ.ಮೀ. ದೂರದಲ್ಲಿ 6 ಬಿಂದು. ಎಲ್ಲ ಬಿಂದುಗಳೂ ಸಮಪಾಲು ಹೊರುವಂತೆ ದೂರದರ್ಶಕ ತಯಾರಕ ಹಿಂಡಲ್ ಹಾಕಿಕೊಟ್ಟ ಲೆಕ್ಕ ಇದು. ಒಳಗಿನ ಒಂದು, ಹೊರಗಿನ ಎರಡು ಸೇರಿ ಒಂದು ತ್ರಿಕೋನ: ಬುಡ 102, ಉಳಿದ ಬದಿಗಳು 63, ಎತ್ತರ 37 ಮಿ.ಮೀ. ಮೂರನ್ನೂ 5 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ, ಸುತ್ತ 8 ಮಿ.ಮೀ. ಅಂಚು ಬಿಟ್ಟು ಕತ್ತರಿಸಿ.

ತೂಗುಬಿಂದು (ತ್ರಿಕೋನ ಬೋಲ್ಟಿನ ಮೇಲೆ ಕೂತು ತೂಗುವ ಜಾಗ) ಬುಡದಿಂದ 12.4 ಮಿ.ಮೀ. ಮೇಲೆ ಬರಬೇಕು. ಇಲ್ಲೇ ಬಹಳ ಜನ ಎಡವುವುದು. ಎತ್ತರದ ನಟ್ಟನಡುವೆ ತೂತು ಕೊರೆದರೆ ಒಳಬಿಂದು ಒಂದೇ ಅರ್ಧ ಭಾರ ಹೊರುತ್ತದೆ, ಆಮೇಲೆ 9 ಬಿಂದು ಹೆಸರಿಗೆ ಮಾತ್ರ.

ಅಗಸ್ತ್ಯ:
ಕನ್ನಡಿಯ ಬಾಗು ಲೆಕ್ಕ ಹಾಕುವ ಪ್ಲಾಪ್ ತಂತ್ರಾಂಶದಲ್ಲಿ ಹಾಕಿ ನೋಡಿದರೆ ಬಿಂದುಗಳು ಇನ್ನೂ ಸ್ವಲ್ಪ ಒಳಕ್ಕೆ ಬರುತ್ತವೆ. ಹಾಗೆ ಬದಲಿಸಿದರೆ ತೂಗುಬಿಂದುವನ್ನೂ ಹೊಸದಾಗಿ ಲೆಕ್ಕ ಹಾಕಿ, ಅದು ಯಾವಾಗಲೂ ಬುಡದಿಂದ ಎತ್ತರದ ಮೂರನೇ ಒಂದು ಭಾಗ.

ತ್ರಿಕೋನವನ್ನು ನಟ್ ಹಾಕಿ ಬಿಗಿಯಬೇಡಿ, ಅದು ಒಂದೆರಡು ಡಿಗ್ರಿ ತೂಗಾಡಲೇಬೇಕು. ತಗಡಿನ ಅಡಿಯಲ್ಲಿ 10 ಮಿ.ಮೀ. ಡ್ರಿಲ್ ಮೊನೆಯಿಂದ 2 ಮಿ.ಮೀ. ಆಳದ ಗುಳಿ ಮಾಡಿ. ಎಂ8 ಬೋಲ್ಟಿನ ತುದಿಯನ್ನು ಅರದಿಂದ ಗುಂಡಗೆ ಉಜ್ಜಿ ಆ ಗುಳಿಯಲ್ಲಿ ಕೂರಿಸಿ. ತ್ರಿಕೋನ ಗಿರಗಿರ ತಿರುಗದಂತೆ ಪಕ್ಕದಲ್ಲೊಂದು ಸಡಿಲ ಪಿನ್ ಇರಲಿ. ಪ್ಯಾಡ್‌ಗೆ 1.5 ಮಿ.ಮೀ. ಟೆಫ್ಲಾನ್ ಸಾಕು, ತ್ರಿಕೋನಕ್ಕೆ ಅಂಟಿಸಿ, ಗಾಜಿಗಲ್ಲ.

ಮೃಗಶಿರ:
ಕಾಲಿಮೇಷನ್‌ಗೆ (ಕನ್ನಡಿಯ ಓರೆ ಸರಿಹೊಂದಿಸಲು) ಎಂಥ ಸ್ಪ್ರಿಂಗ್ ಹಾಕಲಿ? ಅಂಚಿನ ಆಸರೆ ಹೇಗೆ?

ಅಗಸ್ತ್ಯ:
ಸ್ಪ್ರಿಂಗೇ ಬೇಡ. ಕೇಂದ್ರದಿಂದ 76 ಮಿ.ಮೀ. ದೂರದಲ್ಲಿ, 120 ಡಿಗ್ರಿಗೆ ಒಂದರಂತೆ, ಅವೇ ಮೂರು ಬೋಲ್ಟು 25 ಮಿ.ಮೀ. ಚೌಕ ಪೈಪಿನ ಚೌಕಟ್ಟಿನಲ್ಲಿ ಕೂರಿಸಿದ ನಟ್‌ಗಳ ಮೂಲಕ ಬರಲಿ. ಹಿಂದಿನಿಂದ ತಿರುಗಿಸಿದರೆ ಕಾಲಿಮೇಷನ್ ಆಯಿತು. ಚೌಕಟ್ಟು ಬಯಲಾಗಿದ್ದರೆ ಗಾಜೂ ಬೇಗ ತಣಿಯುತ್ತದೆ.

ಅಂಚಿಗೆ ಎರಡೇ ಆಸರೆ: ಕೆಳತುದಿಯಿಂದ ಎಡಕ್ಕೆ 45, ಬಲಕ್ಕೆ 45 ಡಿಗ್ರಿ. 608 ನಂಬರಿನ ಸಣ್ಣ ಬಾಲ್ ಬೇರಿಂಗ್ ಚೆನ್ನಾಗಿ ಹೊಂದುತ್ತದೆ. ಕನ್ನಡಿ ಹಿಂದೆ ಮುಂದೆ ಸರಿದಾಗ ಉರುಳುವ ದಿಕ್ಕಿಗೆ ಅದನ್ನು ಕೂರಿಸಿ. ಬೇರಿಂಗ್ ತಾಗುವುದು ಗುರುತ್ವ ಕೇಂದ್ರದ ಮಟ್ಟದಲ್ಲಿ. ಮುಂಭಾಗ ನಡುವೆ 3.1 ಮಿ.ಮೀ. ತಗ್ಗಿರುವುದರಿಂದ ಆ ಮಟ್ಟ ದಪ್ಪದ ಅರ್ಧವಾದ 9.5 ಅಲ್ಲ, ಬೆನ್ನಿನಿಂದ 8.7 ಮಿ.ಮೀ. ಬೀಳದಂತೆ ತಡೆಯುವ ಮೂರು ಕ್ಲಿಪ್‌ಗಳು ಗಾಜಿಗೆ ತಾಗಲೇಬಾರದು, ನಡುವೆ ವಿಸಿಟಿಂಗ್ ಕಾರ್ಡ್ ಸರಾಗವಾಗಿ ಆಡಬೇಕು. ಕ್ಲಿಪ್ ಒತ್ತಿದರೆ ನಕ್ಷತ್ರಕ್ಕೆ ಮೂರು ಮೂಲೆ ಬರುತ್ತದೆ.

ಕೃತ್ತಿಕೆ:
ಜೋಡಿಸಿದ ಮೇಲೆ ನಕ್ಷತ್ರ ಪರೀಕ್ಷೆ ಮಾಡಿ. ಗಾಜು ಪೂರ್ತಿ ತಣಿದ ನಂತರ 200 ಪಟ್ಟು ಹಿಗ್ಗಿಸಿ, ಫೋಕಸ್‌ನ ಒಳಗೂ ಹೊರಗೂ ನೋಡಿ. ಬಿಂಬ ಉದ್ದುದ್ದವಾಗಿದ್ದು ಫೋಕಸ್ ದಾಟುವಾಗ 90 ಡಿಗ್ರಿ ತಿರುಗಿದರೆ ಅಸ್ಟಿಗ್ಮ್ಯಾಟಿಸಂ. ಮೊದಲು ಐಪೀಸ್ ತಿರುಗಿಸಿ, ನಿಮ್ಮ ತಲೆಯನ್ನೂ ವಾಲಿಸಿ ನೋಡಿ. ಬಿಂಬದ ಉದ್ದ ಜೊತೆಗೆ ತಿರುಗಿದರೆ ದೋಷ ಐಪೀಸಿನದು ಇಲ್ಲವೇ ಕಣ್ಣಿನದು, ತಿರುಗದಿದ್ದರೆ ಕನ್ನಡಿಯನ್ನು ಸೆಲ್‌ನಲ್ಲಿ 45 ಡಿಗ್ರಿ ತಿರುಗಿಸಿ. ಉದ್ದವೂ ತಿರುಗಿದರೆ ದೋಷ ಗಾಜಿನದು. ಇದ್ದಲ್ಲೇ ಇದ್ದರೆ ಸೆಲ್‌ನದು, ಇಲ್ಲವೇ ಓರೆಕನ್ನಡಿಯದು (ಬೆಳಕನ್ನು ಐಪೀಸಿನ ಕಡೆ ತಿರುಗಿಸುವ ಸಣ್ಣ ಕನ್ನಡಿ). ಆಗ ನೆತ್ತಿಯ ನಕ್ಷತ್ರ, ದಿಗಂತದ ಹತ್ತಿರದ ನಕ್ಷತ್ರ ಎರಡನ್ನೂ ಹೋಲಿಸಿ: ಕೆಳಗೆ ಮಾತ್ರ ಕಂಡರೆ ಅಂಚಿನ ಬೇರಿಂಗ್ ಮಟ್ಟ ಸರಿಮಾಡಿ, ನೆತ್ತಿಯಲ್ಲೇ ಜಾಸ್ತಿಯಾದರೆ ಯಾವುದೋ ತ್ರಿಕೋನ ಗುಳಿಯಲ್ಲಿ ಸಿಕ್ಕಿಕೊಂಡಿದೆ.