ಅಪ್‌ಡೇಟ್: ಉತ್ತರ ಸರಿ ಇತ್ತು, ತಾಳೆ ನೋಡಿದ್ದೇ ತಪ್ಪು!

ಹೋದ ವಾರ ಕೇಳಿದ್ದೆ: 9^ಎಕ್ಸ್ − 8·3^ಎಕ್ಸ್ − 9 = 0 ಬಿಡಿಸಿದರೆ ಎಕ್ಸ್ = 2 ಬರುತ್ತೆ, ಹಾಕಿ ನೋಡಿದರೆ ಸೊನ್ನೆ ಬರಲ್ಲ, ಯಾಕೆ ಅಂತ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಎಡವಟ್ಟು ನನ್ನದೇ. 8·3²ಅನ್ನು 24² ಅಂದುಕೊಂಡು 576 ಬರೆದಿದ್ದೆ. ಘಾತ ಇರೋದು 3ಕ್ಕೆ ಮಾತ್ರ, 8ಕ್ಕಲ್ಲ ಅಲ್ವಾ! ಸರಿಯಾಗಿ ಹಾಕಿದರೆ 81 − 72 − 9 = 0. ಇಷ್ಟಕ್ಕೆ ಎರಡು ರಾತ್ರಿ ಸುಮ್ನೆ ತಲೆ ಕೆಡಿಸಿಕೊಂಡೆ.

ಇನ್ನೊಂದು ಅನುಮಾನವೂ ಹೋಯಿತು. 3^ಎಕ್ಸ್ ಅನ್ನು ವೈ ಅಂತ ಇಟ್ಟರೆ, 9^ಎಕ್ಸ್ ಅಂದರೆ (3^ಎಕ್ಸ್)² ಆದ್ದರಿಂದ, ವೈ² − 8ವೈ − 9 = 0. ವೈ = 9 ಅಥವಾ −1. ಆ −1ಕ್ಕೂ ಒಂದು ಎಕ್ಸ್ ಸಿಗಬೇಕು ಅಂತ ಹುಡುಕುತ್ತಿದ್ದೆ. 3ಕ್ಕೆ ಯಾವ ನೈಜ ಘಾತ ಕೊಟ್ಟರೂ ಬೆಲೆ ಧನವೇ. ಎಕ್ಸ್ = −5 ಆದರೂ 1/243, ಚಿಕ್ಕದು, ಆದರೆ ಋಣ ಅಲ್ಲ. ಹಾಗಾಗಿ −1 ಬಿಟ್ಟೆ.

ಆಮೇಲೆ ಧೈರ್ಯ ಮಾಡಿ 2^ಎಕ್ಸ್ = 10 ಬಿಡಿಸಿದೆ. ಎರಡೂ ಕಡೆ ಲಾಗ್ (10ಕ್ಕೆ ಯಾವ ಘಾತ ಕೊಟ್ಟರೆ ಆ ಸಂಖ್ಯೆ ಬರುತ್ತೋ ಅದು) ಹಾಕಿದರೆ ಎಕ್ಸ್ = ಲಾಗ್ 10 ÷ ಲಾಗ್ 2 = 1 ÷ 0.3010, ಅಂದರೆ ಸುಮಾರು 3.32. ತಾಳೆ ನೋಡಿದರೆ 9.987! ಮತ್ತೆ ಎದೆ ಧಸಕ್ಕೆಂದಿತು. 3.3219 ಹಾಕಿದಾಗ 9.9998 ಬಂತು. ದಶಾಂಶ ಕತ್ತರಿಸಿದ್ದರ ಫಲ ಅಷ್ಟೇ.